ಹೊಸ ವ್ಯಾನ್‌ಗೆ ಡಿಸ್ಕೌಂಟ್: ಕೊಟೇಶನ್ನಿನ ಯಾವ ಸಾಲಿನಲ್ಲಿ ಚೌಕಾಸಿ ಮಾಡಬೇಕು?

ಶೋರೂಂಗೆ ಹೋದವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಡಿಸ್ಕೌಂಟ್ ಕೊಡ್ತೀರಿ?" ಸೇಲ್ಸ್‌ನವರು ಒಂದು ಮೊತ್ತ ಹೇಳುತ್ತಾರೆ. ಇವರು ಇನ್ನೂ ಐದು ಸಾವಿರ ಬಿಡಿ ಅನ್ನುತ್ತಾರೆ. ಅವರು ಮ್ಯಾನೇಜರ್ ರೂಮಿಗೆ ಹೋಗಿ ಬಂದು ಎರಡು ಸಾವಿರ ಬಿಡುತ್ತಾರೆ, ಜೊತೆಗೆ ಮ್ಯಾಟ್ ಫ್ರೀ. ಎಲ್ಲರಿಗೂ ಖುಷಿ. ಅಷ್ಟರಲ್ಲಿ ಅದೇ ಕೊಟೇಶನ್ನಿನ ಕೆಳಗಿನ ಸಾಲುಗಳಲ್ಲಿ, ಅಂದರೆ ಇನ್ಶೂರೆನ್ಸ್, ಆಕ್ಸೆಸರೀಸ್, ಸಾಲದ ಬಡ್ಡಿ ಇರುವ ಕಡೆ, ಅದರ ಎಷ್ಟೋ ಪಟ್ಟು ದುಡ್ಡು ಸದ್ದಿಲ್ಲದೆ ಹೋಗಿರುತ್ತದೆ.

ನಮ್ಮ ದೇಶದಲ್ಲಿ ಹೊಸ ಗಾಡಿಯ ಬೆಲೆಯಲ್ಲಿ ಡೀಲರ್‌ಗೆ ಉಳಿಯುವ ಪಾಲು ತೀರಾ ಚಿಕ್ಕದು. ಅವರಿಗೆ ನಿಜವಾದ ಆದಾಯ ಬರುವುದು ಇನ್ಶೂರೆನ್ಸ್ ಕಮಿಷನ್, ಫೈನಾನ್ಸ್ ಕಮಿಷನ್, ಆಕ್ಸೆಸರೀಸ್, ಹಳೆ ಗಾಡಿ ವ್ಯವಹಾರ ಮತ್ತು ಸರ್ವೀಸ್‌ನಿಂದ. ಚೌಕಾಸಿಗೆ ಜಾಗ ಇರುವುದೂ ಅಲ್ಲೇ. ಈ ಲೇಖನದಲ್ಲಿ ಉದಾಹರಣೆಗೆ ಮಾರುತಿ ಈಕೋ ಇಟ್ಟುಕೊಂಡಿದ್ದೇನೆ. 2019ರಲ್ಲಿ ಓಮ್ನಿ ನಿಂತ ಮೇಲೆ ಮನೆಗೋ ಅಂಗಡಿಗೋ ಚಿಕ್ಕ ವ್ಯಾನ್ ಬೇಕೆಂದರೆ ನಮ್ಮ ಕಡೆ ಹೆಚ್ಚಿನವರು ನೋಡುವುದು ಅದನ್ನೇ. ಟಾಟಾ ವಿಂಗರ್, ಫೋರ್ಸ್ ಟ್ರಾವೆಲರ್ ಥರದ ದೊಡ್ಡ ವ್ಯಾನ್ ಕೊಳ್ಳುವವರಿಗೂ ದಾರಿ ಇದೇ, ಮೊತ್ತ ಮಾತ್ರ ದೊಡ್ಡದು.

ಮೊದಲು: ಬಿಳಿ ಬೋರ್ಡೋ, ಹಳದಿ ಬೋರ್ಡೋ?

ಇದನ್ನು ಮನೆಯಲ್ಲೇ ತೀರ್ಮಾನಿಸಿ. ಮನೆ ಮಂದಿ ಓಡಾಡಲು ಅಂದರೆ ಸೀಟು ಇರುವ ವ್ಯಾನ್, ಬಿಳಿ ಬೋರ್ಡು. ಅಂಗಡಿ, ಬೇಕರಿ, ಹೂವು, ತರಕಾರಿ, ಕೇಟರಿಂಗ್ ಸಾಮಾನು ಸಾಗಿಸಲು ಅಂದರೆ ಕಾರ್ಗೋ ವ್ಯಾನ್, ಹಳದಿ ಬೋರ್ಡು.

ನಿಮ್ಮ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿ ಇದೆಯಾ? ಹಾಗಿದ್ದರೆ ಈ ಒಂದು ವಿಷಯ ಉಳಿದೆಲ್ಲ ಡಿಸ್ಕೌಂಟ್‌ಗಿಂತ ದೊಡ್ಡದು. ವ್ಯಾಪಾರಕ್ಕೆ ಬಳಸುವ ಸರಕು ಸಾಗಣೆ ವಾಹನದ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು, ಅಂದರೆ ನೀವು ಸರ್ಕಾರಕ್ಕೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟನ್ನು ಕಳೆದುಕೊಳ್ಳಬಹುದು. 2025ರ ಸೆಪ್ಟೆಂಬರ್ 22ರಿಂದ ಇಂಥ ವಾಹನಗಳ ಮೇಲಿನ ಜಿಎಸ್‌ಟಿ ಶೇ. 18. ತೆರಿಗೆ ಸೇರಿ 6 ಲಕ್ಷ ರೂಪಾಯಿ ಬೆಲೆಯ ಕಾರ್ಗೋ ವ್ಯಾನ್ ಅಂದುಕೊಳ್ಳಿ. ಅದರೊಳಗೆ ತೆರಿಗೆಯೇ ಸುಮಾರು 91,500 ರೂಪಾಯಿ. ಯಾವ ಮ್ಯಾನೇಜರ್ ಅಷ್ಟು ಬಿಡುತ್ತಾನೆ? ಆದರೆ ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಬರಲೇಬೇಕು. ಕಾಂಪೊಸಿಷನ್ ಸ್ಕೀಮ್‌ನಲ್ಲಿ, ಅಂದರೆ ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ಜಿಎಸ್‌ಟಿ ಕಟ್ಟುವ ಸಣ್ಣ ವ್ಯಾಪಾರಿಗಳ ಸ್ಕೀಮ್‌ನಲ್ಲಿ ಇರುವವರಿಗೆ ಇದು ಸಿಗುವುದಿಲ್ಲ. ಐದಾರು ಸೀಟಿನ ಸಾಮಾನ್ಯ ವ್ಯಾನ್ ಕೊಂಡು ಅಂಗಡಿ ಹೆಸರಿಗೆ ಬಿಲ್ ಮಾಡಿಸಿದರೂ ಸಿಗುವುದಿಲ್ಲ. ಬುಕ್ ಮಾಡುವ ಮೊದಲು ನಿಮ್ಮ ಲೆಕ್ಕ ಬರೆಯುವವರನ್ನು ಒಂದು ಮಾತು ಕೇಳಿ.

ಹಳದಿ ಬೋರ್ಡಿಗೆ ಫಿಟ್ನೆಸ್ ಸರ್ಟಿಫಿಕೇಟ್, ಬೇರೆ ದರದ ಇನ್ಶೂರೆನ್ಸ್ ಇರುತ್ತದೆ. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಡ. ಹಾಗಾಗಿ ಚಿಕ್ಕ ಕಾರ್ಗೋ ವ್ಯಾನ್ ಕೊಟೇಶನ್‌ನಲ್ಲಿ "ಪರ್ಮಿಟ್ ಖರ್ಚು" ಅಂತ ಸಾಲು ಕಂಡರೆ ಯಾವ ಪರ್ಮಿಟ್ ಅಂತ ಕೇಳಿ.

ಯಾವಾಗ ಹೋಗಬೇಕು

ಆಯುಧಪೂಜೆಗೆ ಗಾಡಿ ಮನೆ ಮುಂದೆ ಇರಬೇಕು ಅಂತ ಎರಡು ವಾರ ಮೊದಲು ಶೋರೂಂಗೆ ಹೋದರೆ ಚೌಕಾಸಿ ಮಾಡಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಆ ದಿನಕ್ಕೇ ಡೆಲಿವರಿ ಬೇಕು ಅನ್ನುವ ನೂರು ಜನ ಇರುತ್ತಾರೆ. ಯುಗಾದಿ, ಅಕ್ಷಯ ತೃತೀಯ, ವರಮಹಾಲಕ್ಷ್ಮಿ, ದೀಪಾವಳಿ, ಎಲ್ಲದರದ್ದೂ ಇದೇ ಕತೆ.

ಆಷಾಢದಲ್ಲಿ ಹೋಗಿ. ನಮ್ಮಲ್ಲಿ ಆಷಾಢದಲ್ಲಿ ಗಾಡಿ ತೆಗೆಯುವವರು ಕಡಿಮೆ, ಶೋರೂಂ ಖಾಲಿ, ಆದರೆ ಸೇಲ್ಸ್‌ನವರ ತಿಂಗಳ ಟಾರ್ಗೆಟ್ ಹಾಗೇ ಇರುತ್ತದೆ. ಪಿತೃಪಕ್ಷ ಮತ್ತು ಧನುರ್ಮಾಸವೂ ಹೀಗೆಯೇ. ಧನುರ್ಮಾಸದಲ್ಲಿ ಇನ್ನೊಂದು ಲಾಭ ಇದೆ. ಅದು ಬರುವುದು ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ. ವರ್ಷ ಬದಲಾಗುವ ಮುಂಚೆ ಹಳೆ ವರ್ಷದ ಸ್ಟಾಕ್ ಖಾಲಿ ಮಾಡಬೇಕು ಅನ್ನುವ ಒತ್ತಡವೂ ಆಗಲೇ. ಎರಡೂ ಸೇರಿದಾಗ ರಿಯಾಯಿತಿ ಒಳ್ಳೆಯದೇ ಸಿಗುತ್ತದೆ. ಮಾರ್ಚ್ ಕೊನೆ, ಅದಾಗದಿದ್ದರೆ ಯಾವುದೇ ತಿಂಗಳ ಕೊನೆ ವಾರವೂ ಪರವಾಗಿಲ್ಲ.

ಮನೆಯಲ್ಲಿ ಹಿರಿಯರು ಆಷಾಢ ಬೇಡ ಅಂದರೆ? "ಈಗ ಬುಕ್ ಮಾಡಿ ಶ್ರಾವಣದಲ್ಲಿ ತಗೊಂಡು ಹೋಗಿ ಸರ್" ಅಂತ ಶೋರೂಂನವರೇ ಹೇಳುತ್ತಾರೆ. ಇಲ್ಲಿ ಹುಷಾರು. ಕಂಪನಿ ಆಫರ್ ಸಾಮಾನ್ಯವಾಗಿ ಬುಕಿಂಗ್ ದಿನಕ್ಕಲ್ಲ, ಬಿಲ್ ಆದ ದಿನಕ್ಕೆ ಲೆಕ್ಕ. ಆಷಾಢದ ಆಫರ್ ಬೇಕಾದರೆ ಬಿಲ್ಲೂ ಆಷಾಢದಲ್ಲೇ ಆಗಬೇಕು. ಗಾಡಿ ಮಾತ್ರ ಒಳ್ಳೆ ದಿನ ನೋಡಿ ಮನೆಗೆ ತನ್ನಿ. ಹಾಗೆ ಮಾಡಿದರೆ ಇನ್ಶೂರೆನ್ಸ್ ಯಾವ ದಿನದಿಂದ ಶುರು, ಅಷ್ಟು ದಿನ ಗಾಡಿ ಎಲ್ಲಿ ನಿಂತಿರುತ್ತದೆ, ಗೀರು ಬಿದ್ದರೆ ಯಾರ ಹೊಣೆ ಅನ್ನುವುದನ್ನು ಬರೆಸಿಕೊಳ್ಳಿ.

ಹಳೆ ವರ್ಷದ ಸ್ಟಾಕ್ ತಗೊಳ್ಳಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಎರಡು ಮೂರು ವರ್ಷದಲ್ಲಿ ಮಾರುವವರಿಗೆ ಬೇಡ, ಮರುಮಾರಾಟದಲ್ಲಿ ಒಂದು ವರ್ಷ ಹಳೆಯದಾಗಿಯೇ ಲೆಕ್ಕ ಹಾಕುತ್ತಾರೆ. ಆದರೆ ವ್ಯಾನ್ ಕೊಳ್ಳುವವರು ಸಾಮಾನ್ಯವಾಗಿ ಹತ್ತು ವರ್ಷ ಓಡಿಸುತ್ತಾರೆ. ಅಂಥವರಿಗೆ ಈ ಸ್ಟಾಕ್ ಲಾಭವೇ ಅನ್ನುವುದು ನನ್ನ ಅಭಿಪ್ರಾಯ. ತಯಾರಾದ ತಿಂಗಳು ಮತ್ತು ವರ್ಷ ಮಾರಾಟ ಪತ್ರದಲ್ಲಿ, ಅಂದರೆ ಫಾರ್ಮ್ 21ರಲ್ಲಿ ಇರುತ್ತದೆ. ಬಾಯಿಮಾತು ನಂಬಬೇಡಿ.

ಕೊಟೇಶನ್ ಬಿಡಿಸಿ ಬರೆಸಿಕೊಳ್ಳಿ

"ಆನ್‌ರೋಡ್ ಇಷ್ಟು ಸರ್" ಅಂತ ಒಂದೇ ಮೊತ್ತ ಹೇಳಿದರೆ ಒಪ್ಪಬೇಡಿ. ಪ್ರತಿ ಸಾಲೂ ಬೇರೆ ಬೇರೆ ಇರುವ ಕೊಟೇಶನ್ ಕೇಳಿ, ಸೀಲು ಹಾಕಿಸಿ, ಇಲ್ಲವೇ ಶೋರೂಂನ ಇಮೇಲ್‌ನಿಂದ ತರಿಸಿಕೊಳ್ಳಿ. ಆಮೇಲೆ ಮನೆಗೆ ಬಂದು ಪೆನ್ನು ಹಿಡಿದು ಕೂತುಕೊಳ್ಳಿ.

ಎಕ್ಸ್‌ಶೋರೂಂ ಬೆಲೆ, ಅಂದರೆ ರಸ್ತೆ ತೆರಿಗೆ, ನೋಂದಣಿ, ಇನ್ಶೂರೆನ್ಸ್ ಸೇರದ ಬೆಲೆ, ಕಂಪನಿ ವೆಬ್‌ಸೈಟ್‌ನಲ್ಲಿ ಇರುತ್ತದೆ. ಎರಡೂ ಒಂದೇ ಇರಬೇಕು.

ರಸ್ತೆ ತೆರಿಗೆ ಸರ್ಕಾರದ್ದು, ಅದರಲ್ಲಿ ಚೌಕಾಸಿ ಇಲ್ಲ. ಕರ್ನಾಟಕದಲ್ಲಿ ಬಿಳಿ ಬೋರ್ಡ್ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಬೆಲೆ 5 ಲಕ್ಷದವರೆಗೆ ಶೇ. 13, 5ರಿಂದ 10 ಲಕ್ಷಕ್ಕೆ ಶೇ. 14, 10ರಿಂದ 20 ಲಕ್ಷಕ್ಕೆ ಶೇ. 17, ಅದರ ಮೇಲೆ ಶೇ. 18. ಈ ತೆರಿಗೆಯ ಮೇಲೆ ಸೆಸ್ ಬೇರೆ. 6 ಲಕ್ಷದ ವ್ಯಾನ್‌ಗೆ ತೆರಿಗೆಯೇ 84,000 ರೂಪಾಯಿ. ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಪಕ್ಕದ ರಾಜ್ಯದಲ್ಲಿ ಅಗ್ಗ ಅಂತ ಅಲ್ಲಿ ನೋಂದಣಿ ಮಾಡಿಸಿ ಇಲ್ಲಿ ಓಡಿಸುವ ಐಡಿಯಾ ಬೇಡ. ಇಲ್ಲೇ ಓಡಿಸುವುದಾದರೆ ಇಲ್ಲಿನ ತೆರಿಗೆ ಕಟ್ಟಲೇಬೇಕು.

ನೋಂದಣಿ ಶುಲ್ಕ ನೋಡಿ. ಲಘು ವಾಹನಕ್ಕೆ ಬಿಳಿ ಬೋರ್ಡಾದರೆ 600 ರೂಪಾಯಿ, ಹಳದಿ ಬೋರ್ಡಾದರೆ 1,000. ಸಾಲ ಇದ್ದರೆ ಆರ್‌ಸಿಯಲ್ಲಿ ಬ್ಯಾಂಕ್ ಹೆಸರು ಸೇರಿಸಲು 1,500. ಸ್ಮಾರ್ಟ್ ಕಾರ್ಡಿಗೆ 200. "ಆರ್‌ಟಿಒ ಖರ್ಚು" ಅಂತ ತೆರಿಗೆ, ಶುಲ್ಕ ಎಲ್ಲ ಸೇರಿಸಿ ಒಂದೇ ಗಂಟು ಕಟ್ಟಿದ್ದರೆ ಬಿಚ್ಚಿಸಿ. ಗಂಟಿನೊಳಗೆ ಎರಡು ಮೂರು ಸಾವಿರ ಹೆಚ್ಚಿಗೆ ಸೇರಿರುವುದು ಹೊಸದೇನಲ್ಲ.

ಹ್ಯಾಂಡ್ಲಿಂಗ್ ಚಾರ್ಜ್, ಲಾಜಿಸ್ಟಿಕ್ಸ್, ಡಿಪೋ ಚಾರ್ಜ್, ಹೆಸರು ಏನೇ ಇರಲಿ, ಹೊಡೆದು ಹಾಕಿಸಿ. ಗಾಡಿಯನ್ನು ಶೋರೂಂವರೆಗೆ ತರುವ ಖರ್ಚು ಎಕ್ಸ್‌ಶೋರೂಂ ಬೆಲೆಯಲ್ಲೇ ಇರುತ್ತದೆ. "ಇದು ಯಾವುದಕ್ಕೆ, ರಸೀದಿ ಕೊಡ್ತೀರಾ?" ಅಂತ ಕೇಳಿದರೆ ಸಾಕು, ಹೆಚ್ಚಿನ ಕಡೆ ತಾವೇ ತೆಗೆಯುತ್ತಾರೆ.

ಗಾಡಿ ಬೆಲೆ 10 ಲಕ್ಷ ಮೀರಿದರೆ ಶೇ. 1 ಟಿಸಿಎಸ್, ಅಂದರೆ ಡೀಲರ್ ಮುಂಗಡವಾಗಿ ವಸೂಲಿ ಮಾಡುವ ಆದಾಯ ತೆರಿಗೆ ಬರುತ್ತದೆ. ಅದು ಖರ್ಚಲ್ಲ, ಆದಾಯ ತೆರಿಗೆ ರಿಟರ್ನ್‌ನಲ್ಲಿ ವಾಪಸ್ ಹೊಂದಿಸಿಕೊಳ್ಳಬಹುದು. ಪ್ಯಾನ್ ನಂಬರ್ ಸರಿಯಾಗಿ ಕೊಡಿ ಅಷ್ಟೇ.

ಕಂಪನಿ ಕೊಡುವುದು ಬೇರೆ, ಡೀಲರ್ ಕೊಡುವುದು ಬೇರೆ

ಇದು ಗೊತ್ತಿಲ್ಲದೆ ಹೋದರೆ ಕಂಪನಿ ಕೊಟ್ಟದ್ದನ್ನೇ ಡೀಲರ್ ತನ್ನ ದೊಡ್ಡಸ್ತಿಕೆ ಅಂತ ತೋರಿಸುತ್ತಾನೆ. ಪ್ರತಿ ತಿಂಗಳೂ ಕಂಪನಿಯಿಂದ ಆಫರ್ ಪಟ್ಟಿ ಬರುತ್ತದೆ. ಅದರಲ್ಲಿ ಎಲ್ಲರಿಗೂ ಸಿಗುವ ನಗದು ರಿಯಾಯಿತಿ, ಹಳೆ ಗಾಡಿ ಕೊಟ್ಟರೆ ಎಕ್ಸ್‌ಚೇಂಜ್ ಬೋನಸ್, ಕೆಲವು ಕಂಪನಿ ಅಥವಾ ಸರ್ಕಾರಿ ನೌಕರರಿಗೆ ಕಾರ್ಪೊರೇಟ್ ಡಿಸ್ಕೌಂಟ್ ಇರುತ್ತದೆ. ಹಳೆ ಗಾಡಿಯನ್ನು ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಹಾಕಿದವರಿಗೂ ರಿಯಾಯಿತಿ ಕೊಡಲು 2024ರ ಆಗಸ್ಟ್‌ನಲ್ಲಿ ಹಲವು ಕಂಪನಿಗಳು ಒಪ್ಪಿದವು. ಆಗಿನಿಂದ "ಸ್ಕ್ರ್ಯಾಪೇಜ್ ಬೋನಸ್" ಅನ್ನುವ ಸಾಲೂ ಬಂತು. ಎಕ್ಸ್‌ಚೇಂಜ್ ಮತ್ತು ಸ್ಕ್ರ್ಯಾಪೇಜ್ ಎರಡರಲ್ಲಿ ಸಾಮಾನ್ಯವಾಗಿ ಒಂದನ್ನು ಮಾತ್ರ ಕೊಡುತ್ತಾರೆ.

"ಈ ತಿಂಗಳ ಆಫರ್ ಪಟ್ಟಿ ತೋರಿಸಿ" ಅಂತ ನೇರವಾಗಿ ಕೇಳಿ. ತೋರಿಸದಿದ್ದರೂ ಪರವಾಗಿಲ್ಲ. ಇನ್ನೊಬ್ಬ ಡೀಲರ್ ಹತ್ತಿರ ಅದೇ ವೇರಿಯಂಟ್‌ಗೆ ಕೊಟೇಶನ್ ತಗೊಂಡರೆ ಎರಡರಲ್ಲೂ ಸಮಾನವಾಗಿರುವುದು ಕಂಪನಿಯದ್ದು, ಹೆಚ್ಚು ಕಡಿಮೆ ಇರುವುದು ಡೀಲರ್‌ನದ್ದು ಅಂತ ಗೊತ್ತಾಗುತ್ತದೆ.

"ಇದಕ್ಕಿಂತ ಜಾಸ್ತಿ ಕೊಡೋಕೆ ಕಂಪನಿ ಬಿಡಲ್ಲ ಸರ್" ಅನ್ನುವ ಮಾತು ನೀವು ಕೇಳಿಯೇ ಕೇಳುತ್ತೀರಿ. ಅದರ ಹಿಂದೆ ಸ್ವಲ್ಪ ಇತಿಹಾಸ ಇದೆ. ಡೀಲರ್‌ಗಳು ನಿಗದಿಗಿಂತ ಹೆಚ್ಚು ರಿಯಾಯಿತಿ ಕೊಡದಂತೆ ತಡೆಯುತ್ತಿತ್ತು, ಅದನ್ನು ಪತ್ತೆ ಮಾಡಲು ಗಿರಾಕಿ ವೇಷದಲ್ಲಿ ಜನರನ್ನೂ ಕಳಿಸುತ್ತಿತ್ತು ಎಂಬ ಕಾರಣಕ್ಕೆ 2021ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿ ಅದರ ವಿರುದ್ಧ ಮೇಲ್ಮನವಿಗೆ ಹೋಯಿತು. ನಿಮಗೆ ಇದರಿಂದ ತಿಳಿಯಬೇಕಾದದ್ದು ಇಷ್ಟೇ: ಡೀಲರ್ ತನ್ನ ಜೇಬಿನಿಂದ ಎಷ್ಟು ಬಿಡಬೇಕು ಅನ್ನುವುದು ಅವನ ತೀರ್ಮಾನ. ಈ ಮಾತಿಗೆ ಹೆದರಿ ಎದ್ದು ಬರಬೇಕಾಗಿಲ್ಲ.

ಈಕೋ ವಿಷಯದಲ್ಲಿ ಒಂದು ತೊಡಕು ಇದೆ. ಕಾರು ಕೊಳ್ಳುವವರು "ಆ ಕಂಪನಿ ಕಾರು ಇಷ್ಟಕ್ಕೆ ಬರ್ತಿದೆ" ಅಂತ ಹೆದರಿಸಬಹುದು. ಈಕೋಗೆ ಅದೇ ಬೆಲೆಯಲ್ಲಿ ಅದೇ ಥರದ ಎದುರಾಳಿ ಇಲ್ಲ, ಶೋರೂಂನವರಿಗೂ ಅದು ಗೊತ್ತು. ಹಾಗಾಗಿ ಸ್ಪರ್ಧೆ ಇರುವುದು ಅದೇ ಗಾಡಿ ಮಾರುವ ಡೀಲರ್‌ಗಳ ನಡುವೆ. ಕನಿಷ್ಠ ಮೂರು ಕಡೆ ಕೊಟೇಶನ್ ಬೇಕು. ನಿಮ್ಮ ಊರಿನಲ್ಲಿ ಒಬ್ಬನೇ ಡೀಲರ್ ಇದ್ದರೆ ಪಕ್ಕದ ಜಿಲ್ಲೆಗೆ, ಇಲ್ಲವೇ ಬೆಂಗಳೂರು, ಮೈಸೂರು, ಹುಬ್ಬಳ್ಳಿಗೆ ಫೋನ್ ಮಾಡಿ. 2019ರ ತಿದ್ದುಪಡಿ ಆದ ಮೇಲೆ ಕಾಯ್ದೆ ಪ್ರಕಾರ ರಾಜ್ಯದ ಯಾವುದೇ ಆರ್‌ಟಿಒದಲ್ಲಿ ನೋಂದಣಿ ಮಾಡಿಸಬಹುದು. ಕಂಪನಿಯ ಅಧಿಕೃತ ಸರ್ವೀಸ್ ಸೆಂಟರ್ ಯಾವುದಾದರೂ ಫ್ರೀ ಸರ್ವೀಸ್ ಮಾಡುತ್ತದೆ. ಕಾರ್ಗೋ ಮಾದರಿಯನ್ನು ಮಾರುತಿ ತನ್ನ ಕಮರ್ಷಿಯಲ್ ಶೋರೂಂಗಳಲ್ಲಿ ಮಾರುತ್ತದೆ. ಅದಕ್ಕೆ ಮಾಮೂಲಿ ಕಾರು ಶೋರೂಂಗಳಲ್ಲಿ ಸುತ್ತುವುದು ಬೇಡ.

ಇನ್ಶೂರೆನ್ಸ್: ಸುಲಭವಾಗಿ ಉಳಿಸಬಹುದಾದ ದುಡ್ಡು

ಒಂದು ಜಾಗದಲ್ಲಿ ಮಾತ್ರ ಚೌಕಾಸಿ ಮಾಡುವಷ್ಟು ತಾಳ್ಮೆ ಇದೆ ಅನ್ನುವವರು ಇಲ್ಲಿ ಮಾಡಿ.

ಹೊಸ ಬಿಳಿ ಬೋರ್ಡ್ ಗಾಡಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ದರವನ್ನು ಸರ್ಕಾರ ನಿಗದಿ ಮಾಡುತ್ತದೆ. 1,000ದಿಂದ 1,500 ಸಿಸಿ ಎಂಜಿನ್‌ಗೆ ಮೂರು ವರ್ಷಕ್ಕೆ 10,640 ರೂಪಾಯಿ ಎಂದು 2022ರಲ್ಲಿ ನಿಗದಿಯಾಗಿತ್ತು, ಮೇಲೆ ಜಿಎಸ್‌ಟಿ. ಇದು ಎಲ್ಲಿ ಮಾಡಿಸಿದರೂ ಒಂದೇ. ವ್ಯತ್ಯಾಸ ಬರುವುದು ನಿಮ್ಮ ಗಾಡಿಯ ಹಾನಿಗೆ ಇರುವ "ಓನ್ ಡ್ಯಾಮೇಜ್" ಭಾಗದಲ್ಲಿ ಮತ್ತು ಆಡ್‌ಆನ್‌ಗಳಲ್ಲಿ. ಆ ಭಾಗಕ್ಕೆ ಒಂದೊಂದು ಕಂಪನಿ ಒಂದೊಂದು ರಿಯಾಯಿತಿ ಕೊಡುತ್ತದೆ.

ಶೋರೂಂ ಕೊಟ್ಟ ಇನ್ಶೂರೆನ್ಸ್ ಕೊಟೇಶನ್ ಇಟ್ಟುಕೊಂಡು ಆನ್‌ಲೈನ್‌ನಲ್ಲಿ ಅದೇ ಐಡಿವಿ, ಅದೇ ಆಡ್‌ಆನ್ ಹಾಕಿ ಎರಡು ಮೂರು ಕಂಪನಿ ದರ ನೋಡಿ. ಐಡಿವಿ ಅಂದರೆ ಗಾಡಿ ಕಳುವಾದರೆ ಸಿಗುವ ಮೊತ್ತ. ಹೊಸ ಗಾಡಿಗೆ ಅದು ಎಕ್ಸ್‌ಶೋರೂಂ ಬೆಲೆಯ ಶೇ. 95ರಷ್ಟು ಇರಬೇಕು. ಅದನ್ನು ಇಳಿಸಿ ಪ್ರೀಮಿಯಂ ಕಡಿಮೆ ಅಂತ ತೋರಿಸಿದರೆ ಅದು ಡಿಸ್ಕೌಂಟ್ ಅಲ್ಲ. ಝೀರೋ ಡೆಪ್, ಅಂದರೆ ಕ್ಲೇಮ್ ಮಾಡಿದಾಗ ಬಿಡಿಭಾಗಗಳ ಸವಕಳಿ ಕಳೆಯದೆ ದುಡ್ಡು ಕೊಡುವ ಆಡ್‌ಆನ್ ಇಟ್ಟುಕೊಳ್ಳಿ. ಕೀ ಕಳೆದರೆ, ಬ್ಯಾಗ್ ಕಳೆದರೆ ಅನ್ನುವ ಚಿಲ್ಲರೆ ಆಡ್‌ಆನ್ ಬಿಡಿಸಿ. ಮನೆಯಲ್ಲಿ ಇನ್ನೊಂದು ಗಾಡಿ ಇದ್ದು ಮಾಲೀಕರಿಗೆ 15 ಲಕ್ಷದ ಅಪಘಾತ ವಿಮೆ ಆಗಲೇ ಇದ್ದರೆ ಅದನ್ನು ಮತ್ತೆ ಕಟ್ಟಬೇಕಿಲ್ಲ.

ಹಳೆ ಗಾಡಿಗೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ಪ್ರೀಮಿಯಂ ರಿಯಾಯಿತಿ ಇತ್ತಾ? ಅದು ಗಾಡಿಯದ್ದಲ್ಲ, ನಿಮ್ಮದು. ಹಳೆ ಗಾಡಿ ಮಾರಿದ ದಾಖಲೆ ಕೊಟ್ಟು ಹಳೆ ವಿಮಾ ಕಂಪನಿಯಿಂದ ಪತ್ರ ತಗೊಂಡರೆ ಹೊಸ ಗಾಡಿಯ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ. 50ರವರೆಗೆ ಇಳಿಯುತ್ತದೆ. ಇದನ್ನು ಶೋರೂಂನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ.

"ಇನ್ಶೂರೆನ್ಸ್ ನಮ್ಮಲ್ಲೇ ಮಾಡಿಸಿದ್ರೆ ಮಾತ್ರ ಆಫರ್" ಅನ್ನಬಹುದು. ಡೀಲರ್ ಹತ್ತಿರವೇ ವಿಮೆ ಮಾಡಿಸಬೇಕು ಅಂತ ಬಲವಂತ ಮಾಡುವ ಹಾಗಿಲ್ಲ, ವಿಮಾ ನಿಯಂತ್ರಕರ ನಿಯಮ ಹಾಗಿದೆ. ಆದರೆ ಜಗಳಕ್ಕೆ ಹೋಗುವುದಕ್ಕಿಂತ ಆನ್‌ಲೈನ್ ದರ ತೋರಿಸಿ "ಈ ರೇಟಿಗೆ ಕೊಟ್ರೆ ನಿಮ್ಮ ಹತ್ರಾನೇ ಮಾಡಿಸ್ತೀನಿ" ಅನ್ನುವುದು ಜಾಣತನ. ಮುಂದೆ ಕ್ಲೇಮ್ ಬಂದಾಗ ಅದೇ ವರ್ಕ್‌ಶಾಪ್‌ನಲ್ಲಿ ಕೆಲಸ ಸಲೀಸಾಗುತ್ತದೆ.

ಸಾಲ

ಶೋರೂಂಗೆ ಹೋಗುವ ಮೊದಲೇ ನಿಮ್ಮ ಬ್ಯಾಂಕಿನಲ್ಲಿ ಸಾಲದ ದರ ಬರೆಸಿಕೊಂಡು ಬನ್ನಿ. 5 ಲಕ್ಷ ಸಾಲ, ಐದು ವರ್ಷ, ಶೇ. 9ಕ್ಕೆ ಕಂತು 10,379 ರೂಪಾಯಿ. ಶೇ. 10ಕ್ಕೆ 10,624. ಒಂದು ಪರ್ಸೆಂಟ್ ಅಂದರೆ ಐದು ವರ್ಷಕ್ಕೆ ಸುಮಾರು 14,700 ರೂಪಾಯಿ. ನಾಲ್ಕು ಸಾವಿರ ಡಿಸ್ಕೌಂಟ್‌ಗೆ ಒಂದು ಗಂಟೆ ವಾದ ಮಾಡಿ ಇದನ್ನು ಬಿಟ್ಟು ಬರುವವರೇ ಜಾಸ್ತಿ.

ಹಳದಿ ಬೋರ್ಡ್ ಗಾಡಿಗೆ ಫೈನಾನ್ಸ್‌ನವರು "ಏಳು ಪರ್ಸೆಂಟ್ ಅಷ್ಟೇ ಅಣ್ಣ" ಅಂದರೆ "ಫ್ಲಾಟಾ, ರೆಡ್ಯೂಸಿಂಗಾ?" ಅಂತ ಕೇಳಿ. ಫ್ಲಾಟ್‌ನಲ್ಲಿ ಕೊನೆವರೆಗೂ ಪೂರ್ತಿ ಸಾಲದ ಮೇಲೆ ಬಡ್ಡಿ, ರೆಡ್ಯೂಸಿಂಗ್‌ನಲ್ಲಿ ತೀರಿಸಲು ಉಳಿದ ಸಾಲಕ್ಕೆ ಮಾತ್ರ. ಶೇ. 7 ಫ್ಲಾಟ್ ಅಂದರೆ 5 ಲಕ್ಷಕ್ಕೆ ಐದು ವರ್ಷದಲ್ಲಿ 1.75 ಲಕ್ಷ ಬಡ್ಡಿ, ಕಂತು 11,250. ಬ್ಯಾಂಕ್ ಲೆಕ್ಕದಲ್ಲಿ ಅದು ಸುಮಾರು ಶೇ. 12.5. ಬಡ್ಡಿಯ ಮಾತು ಬಿಟ್ಟು ತಿಂಗಳ ಕಂತು ಎಷ್ಟು, ಒಟ್ಟು ಎಷ್ಟು ಕಟ್ಟಬೇಕು, ಪ್ರೊಸೆಸಿಂಗ್ ಫೀ ಎಷ್ಟು, ಮುಂಚೆ ತೀರಿಸಿದರೆ ಎಷ್ಟು ಅಂತ ಕೇಳಿದರೆ ಮೋಸಕ್ಕೆ ಜಾಗ ಇರುವುದಿಲ್ಲ.

ಹಳೆ ಗಾಡಿ ಮತ್ತು ಆಕ್ಸೆಸರೀಸ್

ಹಳೆ ಓಮ್ನಿ ಕೊಟ್ಟು ಹೊಸದು ತಗೊಳ್ಳುವುದಾದರೆ ಹೊಸ ಗಾಡಿ ಬೆಲೆ ಪೂರ್ತಿ ತೀರ್ಮಾನ ಆಗುವವರೆಗೆ ಅದರ ಸುದ್ದಿ ಎತ್ತಬೇಡಿ. ಎರಡನ್ನೂ ಸೇರಿಸಿ ಮಾತಾಡಿದರೆ ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಕಿತ್ತುಕೊಳ್ಳುವುದು ಸುಲಭ. ಹೊರಗೆ ಎರಡು ಕಡೆ ಬೆಲೆ ಕಟ್ಟಿಸಿ. ಹೊರಗಿನ ಬೆಲೆ, ಡೀಲರ್ ಬೆಲೆ ಪ್ಲಸ್ ಎಕ್ಸ್‌ಚೇಂಜ್ ಬೋನಸ್, ಇವೆರಡರಲ್ಲಿ ಯಾವುದು ಜಾಸ್ತಿ ಅಂತ ನೋಡಿ. ಯಾರಿಗೆ ಕೊಟ್ಟರೂ ಆರ್‌ಸಿ ಅವರ ಹೆಸರಿಗೆ ಆಗುವವರೆಗೆ ಬೆನ್ನು ಬಿಡಬೇಡಿ.

ಫ್ರೀ ಆಕ್ಸೆಸರೀಸ್ ಬಗ್ಗೆ ನನಗೆ ಒಲವಿಲ್ಲ. ಹತ್ತು ಸಾವಿರದ ಕಿಟ್ ಅನ್ನುತ್ತಾರೆ, ಅದು ಅವರ ಎಂಆರ್‌ಪಿ ಲೆಕ್ಕ. ಸೀಟ್ ಕವರ್, ಮ್ಯಾಟ್, ಸ್ಟೀರಿಯೋ, ಸೆಂಟ್ರಲ್ ಲಾಕ್ ಎಲ್ಲ ಬೆಂಗಳೂರಿನ ಜೆ.ಸಿ. ರೋಡ್‌ನಲ್ಲೋ ನಿಮ್ಮ ಊರಿನ ಅಂಗಡಿಯಲ್ಲೋ ಕೇಳಿ ನೋಡಿ, ಎಷ್ಟು ಕಡಿಮೆ ಅಂತ ಗೊತ್ತಾಗುತ್ತದೆ. ಕಿಟ್ ಬದಲು ಅದರ ಅರ್ಧ ದುಡ್ಡನ್ನು ಬಿಲ್ಲಿನಲ್ಲಿ ಇಳಿಸಿ ಅನ್ನಿ. ವೈರ್ ಕತ್ತರಿಸುವ ಕೆಲಸ ಮಾತ್ರ ಹೊರಗೆ ಮಾಡಿಸಬೇಡಿ, ವಾರಂಟಿಗೆ ತೊಂದರೆ. ಮುಂದೆ ಹಾಕುವ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಫ್ರೀ ಕೊಟ್ಟರೂ ಬೇಡ, ಕಾನೂನಿನಲ್ಲಿ ಅದಕ್ಕೆ ಅವಕಾಶ ಇಲ್ಲ. ಎಕ್ಸ್‌ಟೆಂಡೆಡ್ ವಾರಂಟಿ ಮೊದಲ ವಾರಂಟಿ ಮುಗಿಯುವ ಮುಂಚೆ ಯಾವಾಗ ಬೇಕಾದರೂ ತಗೊಳ್ಳಬಹುದು, ಇವತ್ತೇ ಆಗಬೇಕು ಅನ್ನುವ ಅವಸರಕ್ಕೆ ಬೀಳಬೇಡಿ.

ಕೂತು ಮಾತಾಡುವ ದಿನ

ವಾರದ ನಡುವೆ, ಮಧ್ಯಾಹ್ನದ ಹೊತ್ತು ಹೋಗಿ. ಭಾನುವಾರ ಯಾರಿಗೂ ಪುರುಸೊತ್ತಿಲ್ಲ. ಜೊತೆಗೆ ಒಬ್ಬರು ಇರಲಿ, ಆದರೆ ಗಾಡಿ ನೋಡಿದ ಕೂಡಲೇ "ಕಲರ್ ಸೂಪರ್, ಇದೇ ಇರಲಿ" ಅನ್ನುವವರು ಬೇಡ. ಮಾತು ಸುಮಾರು ಹೀಗೆ ಹೋಗುತ್ತದೆ:

"ಸರ್, ಕಂಪನಿ ಆಫರ್ ಎಲ್ಲ ಹಾಕಿದೀನಿ. ಇನ್ನೇನೂ ಉಳಿದಿಲ್ಲ."

"ಅದು ಎಲ್ರಿಗೂ ಸಿಗುತ್ತೆ ಅಲ್ವಾ? ನಿಮ್ಮ ಕಡೆಯಿಂದ ಏನು ಹೇಳಿ."

"ಮ್ಯಾನೇಜರ್ ಹತ್ರ ಕೇಳ್ಬೇಕು ಸರ್."

"ಕೇಳಿ ಬನ್ನಿ. ಹ್ಯಾಂಡ್ಲಿಂಗ್ ತೆಗೀರಿ, ಇನ್ಶೂರೆನ್ಸ್ ಈ ರೇಟಿಗೆ ತನ್ನಿ, ಕಿಟ್ ಬೇಡ, ಅದರ ಬದಲು ಬಿಲ್ಲಲ್ಲಿ ಇಳಿಸಿ. ಒಟ್ಟು ಇಷ್ಟಕ್ಕೆ ಬಂದ್ರೆ ಇವತ್ತೇ ಬುಕ್ ಮಾಡ್ತೀನಿ."

ಆ ಕೊನೆಯ ವಾಕ್ಯಕ್ಕೇ ಹೆಚ್ಚು ಬೆಲೆ. ಸುಮ್ನೆ ರೇಟ್ ಕೇಳಲು ಬಂದವರಿಗೆ ಯಾವ ಮ್ಯಾನೇಜರೂ ಕೊನೆ ಬೆಲೆ ಹೇಳುವುದಿಲ್ಲ. ಇವತ್ತೇ ದುಡ್ಡು ಕಟ್ಟುವವರಿಗೆ ಹೇಳುತ್ತಾರೆ. ಬೇರೆ ಡೀಲರ್ ಕೊಟೇಶನ್ ಇದ್ದರೆ ಮೇಜಿನ ಮೇಲೆ ಇಡಿ, ಇಲ್ಲದ ಕೊಟೇಶನ್ ಇದೆ ಅಂತ ಬುರುಡೆ ಬಿಡಬೇಡಿ. ಅವರು ದಿನಾ ಇದೇ ಕೆಲಸ ಮಾಡುವವರು, ಕೂಡಲೇ ಗೊತ್ತಾಗುತ್ತದೆ. ಕೂಗಾಡುವುದೂ ಬೇಡ. ಎದುರು ಕೂತ ಹುಡುಗ ಸಂಬಳಕ್ಕೆ ದುಡಿಯುವವನು, ನಿಮ್ಮ ಪರವಾಗಿ ಒಳಗೆ ಹೋಗಿ ವಾದ ಮಾಡಬೇಕಾದವನೂ ಅವನೇ. ಒಪ್ಪದಿದ್ದರೆ ನಂಬರ್ ಕೊಟ್ಟು ಎದ್ದು ಬನ್ನಿ. ತಿಂಗಳ ಕೊನೆಯಾದರೆ ಫೋನ್ ಬರುವ ಸಾಧ್ಯತೆ ಇದೆ. ಕಾಯುವ ಪಟ್ಟಿ ಇರುವ ವೇರಿಯಂಟ್ ಆದರೆ ಬರುವುದಿಲ್ಲ, ಅಲ್ಲಿ ಹೆಚ್ಚು ಎಳೆಯಲೂ ಆಗದು.

ದುಡ್ಡು ಕಟ್ಟುವಾಗ

ಒಪ್ಪಿದ್ದೆಲ್ಲ ಬುಕಿಂಗ್ ಫಾರ್ಮ್‌ನಲ್ಲಿ ಬರಬೇಕು: ವೇರಿಯಂಟ್, ಬಣ್ಣ, ತಯಾರಾದ ವರ್ಷ, ಒಟ್ಟು ಮೊತ್ತ, ಡೆಲಿವರಿ ದಿನ, ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್. ಮುಂಗಡ ಸಣ್ಣದಿರಲಿ. ದುಡ್ಡು ಶೋರೂಂನ ಬ್ಯಾಂಕ್ ಖಾತೆಗೆ ಮಾತ್ರ, ಸೇಲ್ಸ್‌ನವರ ಸ್ವಂತ ಫೋನ್‌ಪೇ ನಂಬರ್‌ಗೆ ಬೇಡವೇ ಬೇಡ. ನಗದಾಗಿ 2 ಲಕ್ಷ ಅಥವಾ ಹೆಚ್ಚು ತಗೊಳ್ಳುವುದಕ್ಕೆ ಆದಾಯ ತೆರಿಗೆ ಕಾಯ್ದೆಯ ತಡೆ ಇದೆ.

ಪೂರ್ತಿ ದುಡ್ಡು ಕಟ್ಟುವ ಮೊದಲು ಯಾರ್ಡ್‌ಗೆ ಹೋಗಿ ಹಗಲು ಬೆಳಕಿನಲ್ಲಿ ಗಾಡಿ ನೋಡಿ. ಚಾಸಿ ನಂಬರ್ ಬರೆದುಕೊಳ್ಳಿ. ಟೈರ್, ಗಾಜು, ಪೇಂಟ್, ಸ್ಲೈಡಿಂಗ್ ಬಾಗಿಲು ಸರಿ ಕೂರುತ್ತದಾ, ಮೀಟರ್‌ನಲ್ಲಿ ಎಷ್ಟು ಕಿ.ಮೀ. ಓಡಿದೆ, ಎಲ್ಲ ನೋಡಿ. ಬಿಲ್ ಆದ ಮೇಲೆ ಬಿಲ್ಲಿನಲ್ಲಿ ಅದೇ ನಂಬರ್ ಇದೆಯಾ ನೋಡಿ.

ನಗದು ರಿಯಾಯಿತಿ ಬಿಲ್ಲಿನಲ್ಲೇ ಕಾಣಬೇಕು. ಎಕ್ಸ್‌ಚೇಂಜ್ ಬೋನಸ್ ಮಾತ್ರ ಹಳೆ ಗಾಡಿಯ ಆರ್‌ಸಿ ವರ್ಗಾವಣೆ ಆದ ಮೇಲೆ ಖಾತೆಗೆ ಬರುತ್ತದೆ ಅಂತ ಹಲವು ಕಡೆ ಹೇಳುತ್ತಾರೆ. ಹಾಗಿದ್ದರೆ ಎಷ್ಟು, ಯಾವ ತಾರೀಖಿನೊಳಗೆ ಅಂತ ಶೋರೂಂ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಆ ತಾರೀಖು ದಾಟಿದರೆ ಮೊದಲು ಮ್ಯಾನೇಜರ್‌ಗೆ, ಆಮೇಲೆ ಕಂಪನಿಯ ಗ್ರಾಹಕ ಸೇವೆಗೆ ಅದೇ ಇಮೇಲ್ ಸೇರಿಸಿ ಬರೆಯಿರಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೂ ದೂರು ಕೊಡಬಹುದು.